ತವರಿಗೆ ಹೋದವಳ ತಾಯಿ ಕಾರ್ಡ್

2017ರ ಅಕ್ಟೋಬರ್ 2ರಂದು ಕರ್ನಾಟಕದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯ ಹಿಂದಿನ ಯೋಚನೆ ಗಟ್ಟಿಯಾದದ್ದು. ಮನೆಗೆ ಕೊಟ್ಟ ರೇಷನ್ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ, ಬಸುರಿಗೆ ಉಳಿಯುವುದು ತಳದ ತುತ್ತು. ಆಕೆಯೇ ಅಂಗನವಾಡಿಗೆ ಬಂದು ಅನ್ನ, ಸಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ ಉಂಡು, ಕಬ್ಬಿಣಾಂಶದ ಮಾತ್ರೆಯನ್ನು ಅಲ್ಲೇ ನುಂಗಲಿ ಎಂದರು. ಬಸಿರಾದಾಗಿನಿಂದ ಹೆರಿಗೆಯಾಗಿ ಆರು ತಿಂಗಳು ಕಳೆಯುವವರೆಗೆ, ತಿಂಗಳಿಗೆ 25 ದಿನ. ಹೊಟ್ಟೆಯ ಕಾಳಜಿಯೂ ಆಸ್ಪತ್ರೆಯ ಕಾಳಜಿಯೂ ಹೀಗೆ ಒಂದೇ ಸೂರಿನಡಿ ಸೇರಿದ್ದು ದೊಡ್ಡ ಸಾಧನೆಯೇ.

ಆದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಗೂಡು ಬೇಯುವ ಬಿಸಿನೀರಿನ ಮುಂದೆ ರೇಷ್ಮೆ ನೂಲು ತೆಗೆಯುವವಳು, ಚಿಂತಾಮಣಿ ಕಡೆ ಟೊಮೇಟೊ ಬಿಡಿಸುವ ಕೂಲಿಯವಳು ನಡುಮಧ್ಯಾಹ್ನ ಊಟಕ್ಕೆ ಬರಬೇಕೆಂದರೆ ಕೂಲಿ ಕಳೆದುಕೊಳ್ಳಬೇಕು. ಬಾಣಂತಿಯಂತೂ ಹೊಸಿಲು ದಾಟುವುದೇ ಇಲ್ಲ. ಹಸಿ ಮೈಗೆ ಗಾಳಿ ತಾಗಬಾರದು ಎನ್ನುವ ಮನೆಗಳಲ್ಲಿ, ಅತಿ ಹೆಚ್ಚು ಪೌಷ್ಟಿಕಾಂಶ ಬೇಕಾದ ವಾರಗಳಲ್ಲೇ ಆಕೆಗೆ ಪಥ್ಯ. ಹಾಲಿಗೆ ಹೆಸರಾದ ಈ ಜಿಲ್ಲೆಯ ಬಸುರಿಗೆ ಅಂಗನವಾಡಿಯಲ್ಲಿ ಸಿಗುವುದು ಪುಡಿ ಕದಡಿದ ಹಾಲು ಎಂಬುದೂ ನನಗೆ ನೋವಿನ ಸಂಗತಿ.

ಇದಕ್ಕಿಂತ ದೊಡ್ಡ ಬಿರುಕು ಇನ್ನೊಂದಿದೆ. ನಮ್ಮ ವ್ಯವಸ್ಥೆ ಹೆಣ್ಣನ್ನು ಗಂಡನ ಮನೆಯ ವಿಳಾಸದಲ್ಲಿ ಗುರುತಿಸುತ್ತದೆ, ಹೆಣ್ಣು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಸೀಮಂತ ಮುಗಿಸಿ ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೋ ಚಿಂತಾಮಣಿಯಿಂದ ಮದನಪಲ್ಲಿಯ ಕಡೆಗೋ ಹೊರಟವಳು ರಾಜ್ಯವನ್ನೇ ದಾಟಿ ಆಂಧ್ರ ಸೇರಿರುತ್ತಾಳೆ. ಏಳು ತಿಂಗಳು ಆಕೆಯ ರಕ್ತದೊತ್ತಡ, ಹಿಮೋಗ್ಲೋಬಿನ್, ಭಯಗಳನ್ನೆಲ್ಲ ಬಲ್ಲ ಆಶಾ ಕಾರ್ಯಕರ್ತೆ ಇಲ್ಲೇ ಉಳಿದಳು. ಅಲ್ಲಿನ ಆಶಾಗೆ ತಪಾಸಣೆಯ ವಿವರ ಬರೆದ, ಬಸುರಿಯ ಕೈಯಲ್ಲಿರುವ ತಾಯಿ ಕಾರ್ಡೇ ಪರಿಚಯ, ಅದನ್ನು ತರುವುದು ಮರೆತಿದ್ದರೆ ಅದೂ ಇಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಹೋಗಿ ಕೂಸನ್ನು ನೋಡಬೇಕು. ನವಜಾತ ಶಿಶುಗಳ ಸಾವು ಹೆಚ್ಚಾಗಿ ಮೊದಲ ವಾರದಲ್ಲೇ ಆಗುವುದರಿಂದ ಆ ಮೊದಲ ಭೇಟಿಗಳು ತಪ್ಪುವಂತಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಆಕೆ ಹಳೆಯ ಪಟ್ಟಿಯಲ್ಲಿ ‘ಊರಲ್ಲಿಲ್ಲ’, ಹೊಸ ಪಟ್ಟಿಗೆ ಇನ್ನೂ ಸೇರಿಲ್ಲ.

ಅಂಗನವಾಡಿ ಒಂದು ಇಲಾಖೆಯದು, ಆಶಾ ಇನ್ನೊಂದರವಳು. ಅಂಗನವಾಡಿಯ ದಾಖಲೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ, ಆಶಾ ಕಡೆಯದು ಆರೋಗ್ಯ ಇಲಾಖೆಯ ಆರ್‌ಸಿಎಚ್ ಪೋರ್ಟಲ್‌ನಲ್ಲಿ. ಒಂದೇ ಹೆಣ್ಣಿನ ವಿವರವನ್ನು ಎರಡು ಕಡೆ ಬರೆದಿಟ್ಟರೂ ಆಕೆ ಎಲ್ಲಿಗೆ ಹೋದಳೆಂದು ಕೇಳುವ ಕೆಲಸ ನೆಲದ ಮೇಲೆ ಹೆಚ್ಚಾಗಿ ಯಾರದ್ದೂ ಆಗುವುದಿಲ್ಲ. ಎಷ್ಟೋ ಕಡೆ ಅದನ್ನು ಕೇಳುವುದು ಆಶಾಳ ಸ್ವಂತ ಮೊಬೈಲ್. ಆ ಕರೆಗೆ ಸಂಭಾವನೆಯಿಲ್ಲ, ದಾಖಲೆಯೂ ಇಲ್ಲ. ಆರೂ ಭೇಟಿ ಮುಗಿಸಿದವಳಿಗೆ ₹250 ಪ್ರೋತ್ಸಾಹಧನ ಇದೆ. ತಾನು ಕಂಡದ್ದನ್ನೆಲ್ಲ ತವರೂರಿನ ಆಶಾಗೆ ಫೋನಿನಲ್ಲಿ ತಿಳಿಸಿ, ಕೂಸು ಮರಳುವವರೆಗೂ ವಿಚಾರಿಸುವವಳಿಗೆ ಏನೂ ಇಲ್ಲ. ಆ ಒಪ್ಪಿಸುವಿಕೆಯನ್ನು ಏಳನೇ ತಿಂಗಳ ತಪಾಸಣೆಯಷ್ಟೇ ಕಡ್ಡಾಯ ಮಾಡಿ, ಅದಕ್ಕೂ ಹಣ ಕೊಡಬೇಕು. ಮೊದಲು ಈ ಜಿಲ್ಲೆಯ ತಾಲ್ಲೂಕುಗಳಲ್ಲೇ ಮಾಡಬಹುದು: ಚಿಕ್ಕಬಳ್ಳಾಪುರದ ಸೊಸೆ ಶಿಡ್ಲಘಟ್ಟದ ಮಗಳಾಗಿರುವುದು ಇಲ್ಲಿ ಸಾಮಾನ್ಯ, ಅದಕ್ಕೆ ಆಂಧ್ರದ ಒಪ್ಪಿಗೆಯೂ ಬೇಕಿಲ್ಲ.