ಗಾಜು ಚೆಲ್ಲುವ ಬೆಳಕು

ಹೋಮ್‌ಡೆಲ್‌ನಲ್ಲಿರುವ ಹಳೆಯ ಬೆಲ್ ಲ್ಯಾಬ್ಸ್ ಕಟ್ಟಡವನ್ನು ನ್ಯೂಜೆರ್ಸಿಯ ನಮ್ಮಲ್ಲಿ ಅನೇಕರು ನೋಡಿದ್ದೇವೆ. ಈರೋ ಸಾರಿನೆನ್ ವಿನ್ಯಾಸ ಮಾಡಿದ, 1962ರಲ್ಲಿ ತೆರೆದ ಆ ಕಟ್ಟಡದ ಮೈಯೆಲ್ಲ ಕನ್ನಡಿಗಾಜು. ಹೋಮ್‌ಡೆಲ್‌ನ ಈ ಪ್ರಯೋಗಾಲಯದಲ್ಲಿದ್ದ ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಚಿತ್ರವಿತ್ತು: ಕೆಂಪು-ಹಳದಿ ಚೌಕುಳಿ ನೆಲದ ಮೇಲೆ ತೇಲುವ ಎರಡು ಗೋಲಗಳು, ಮುಂದಿನದು ಪಾರದರ್ಶಕ, ಹಿಂದಿನದು ಹೊಳೆಯುವಂಥದ್ದು. ಕಂಪ್ಯೂಟರ್ ಗ್ರಾಫಿಕ್ಸ್ ಕಲಿತವರು ಈ ಚಿತ್ರಕ್ಕೆ ಕೈಮುಗಿದೇ ಮುಂದೆ ಹೋಗುತ್ತಾರೆ. ನಾನೂ ಮುಗಿದವನೇ. ಆದರೆ ಅದು ಕಲಿಸಿಕೊಟ್ಟ ನೋಟದಲ್ಲಿ ಒಂದು ಕೊರತೆಯಿದೆ, ನಾಲ್ಕು ದಶಕ ಕಳೆದರೂ ನಾವು ಅದನ್ನು ಬಿಟ್ಟಿಲ್ಲ ಎಂಬುದು ನನ್ನ ತಕರಾರು.

ವಿಟೆಡ್ ಮಾಡಿದ್ದೇನು? ದೀಪದಿಂದ ಹೊರಟ ಬೆಳಕನ್ನು ಹಿಂಬಾಲಿಸದೆ, ಕಣ್ಣಿನಿಂದ ಒಂದೊಂದು ಪಿಕ್ಸೆಲ್ ಮೂಲಕ ಕಿರಣವನ್ನು ಹಿಮ್ಮುಖವಾಗಿ ಕಳಿಸಿದರು. ಗಾಜಿಗೆ ತಾಗಿದ ಕಿರಣ ಎರಡಾಗುತ್ತದೆ: ಒಂದು ಪ್ರತಿಫಲಿಸಿ ಹೊರಗೆ, ಇನ್ನೊಂದು ಬಾಗಿ ಒಳಗೆ. ಅವು ಬೇರೊಂದಕ್ಕೆ ತಾಗಿದರೆ ಮತ್ತೆ ಕವಲು. ಅದಕ್ಕೆ ಮುಂಚೆ, 1976ರಲ್ಲಿ ಬ್ಲಿನ್ ಮತ್ತು ನ್ಯೂವೆಲ್ ತೋರಿಸಿದ ದಾರಿಯಲ್ಲಿ, ಸುತ್ತಲಿನ ಚಿತ್ರವೊಂದನ್ನು ವಸ್ತುವಿನ ಮೈಗೆ ಹೊದಿಸಿ ಪ್ರತಿಫಲನದ ಭ್ರಮೆ ಹುಟ್ಟಿಸುತ್ತಿದ್ದರು. ವಿಟೆಡ್ ಅವರ ಒಂದು ಗೋಲಗಳ ಚಿತ್ರಕ್ಕೆ ವ್ಯಾಕ್ಸ್ 11/780 ಯಂತ್ರ 74 ನಿಮಿಷ ತೆಗೆದುಕೊಂಡಿತು.

ಒಂದು ಲೋಪವನ್ನು ವಿಟೆಡ್ ಪ್ರಬಂಧದಲ್ಲೇ ಒಪ್ಪಿಕೊಂಡಿದ್ದಾರೆ. ಎಷ್ಟು ಬೆಳಕು ಪ್ರತಿಫಲಿಸಬೇಕು, ಎಷ್ಟು ಒಳಹೋಗಬೇಕು ಎಂಬ ಪಾಲನ್ನು ಅವರು ಎಲ್ಲ ಕೋನಕ್ಕೂ ಒಂದೇ ಎಂದಿಟ್ಟರು. ಫ್ರೆನೆಲ್ ನಿಯಮ ಹಾಗಿಲ್ಲ. ಮಾಮೂಲಿ ಗಾಜಿನ ಒಂದು ಮೈ ನೇರ ನೋಟಕ್ಕೆ ಶೇ. 4ರಷ್ಟು ಬೆಳಕನ್ನು ಹಿಂದಿರುಗಿಸಿದರೆ, 80 ಡಿಗ್ರಿ ಓರೆಗೆ ಸುಮಾರು ಶೇ. 39. ನೀರಿನದು ನೇರ ನೋಟಕ್ಕೆ ಶೇ. 2. (ಮಯಸಭೆಯಲ್ಲಿ ಸ್ಫಟಿಕದ ನೆಲವನ್ನು ಕೊಳವೆಂದು ತಿಳಿದ ದುರ್ಯೋಧನನನ್ನು ಕಂಡು ನಗುವವರು ಈ ಅಂತರ ಎಷ್ಟು ಸಣ್ಣದೆಂದು ನೋಡಬೇಕು.) 1994ರಲ್ಲಿ ಕ್ರಿಸ್ಟೋಫ್ ಶ್ಲಿಕ್ ಕೊಟ್ಟ ಸರಳ ಸೂತ್ರ ಬಂದಮೇಲೆ ಈ ಲೋಪ ಬಹುಮಟ್ಟಿಗೆ ನೀಗಿತು.

ನನ್ನನ್ನು ಕಾಡುವುದು ನೆರಳು. ಅಡುಗೆಮನೆಯ ಕಿಟಕಿಯಲ್ಲಿ, ಬಿಸಿಲಿಗೆ, ನೀರು ತುಂಬಿದ ಗಾಜಿನ ಲೋಟ ಇಟ್ಟು ನೋಡಿ. ಅದರ ನೆರಳಿನ ನಡುವೆಯೇ ಸುತ್ತಲ ಬಿಸಿಲಿಗಿಂತ ಪ್ರಖರವಾದ ಒಂದು ಗೆರೆ ಕುಣಿಯುತ್ತಿರುತ್ತದೆ. ಬಾಗಿ ಬಂದ ಬೆಳಕು ಒಂದೆಡೆ ಗುಂಪುಗೂಡಿದ್ದು ಅದು. ಕಾಸ್ಟಿಕ್ ಎಂದು ಹೆಸರು. ವಿಟೆಡ್ ವಿಧಾನಕ್ಕೆ ಇದು ಕಾಣುವುದೇ ಇಲ್ಲ. ಅದು ನೆಲದ ಬಿಂದುವಿನಿಂದ ದೀಪದತ್ತ ನೆಟ್ಟಗೆ ಕಿರಣ ಕಳಿಸುತ್ತದೆ; ನಡುವೆ ಗಾಜು ಬಂದರೆ ಹೆಚ್ಚೆಂದರೆ ಬೆಳಕನ್ನು ತಗ್ಗಿಸಬಹುದು, ಬಾಗಿಸಲು ಬಾರದು. ಹೀಗಾಗಿ ಗಾಜಿನೊಳಗೆ ಕಾಣುವುದೆಲ್ಲ ನಂಬುವಂತಿದ್ದರೂ ಗಾಜು ನೆಲಕ್ಕೆ ಚೆಲ್ಲುವ ಬೆಳಕು ಚಿತ್ರದಲ್ಲಿ ಇರುವುದಿಲ್ಲ. 1986ರಲ್ಲಿ ಜೇಮ್ಸ್ ಕಜಿಯಾ ಮಂಡಿಸಿದ ರೆಂಡರಿಂಗ್ ಸಮೀಕರಣ ಈ ದಾರಿಗಳನ್ನೂ ಲೆಕ್ಕಕ್ಕೆ ತಂದಿತು. 1990ರ ದಶಕದಲ್ಲಿ ಹೆನ್ರಿಕ್ ವಾನ್ ಯೆನ್ಸನ್, ದೀಪದ ಕಡೆಯಿಂದಲೂ ಬೆಳಕನ್ನು ಕಳಿಸಿ ಅದು ಬಿದ್ದ ಜಾಗಗಳನ್ನು ಗುರುತಿಟ್ಟುಕೊಳ್ಳುವ ಫೋಟಾನ್ ಮ್ಯಾಪಿಂಗ್ ವಿಧಾನ ತಂದರು.

ಅಂದರೆ ಉಪಾಯ ಇದೆ, ಬಳಸುವವರು ಕಡಿಮೆ. ಬ್ಲೆಂಡರ್‌ನ ಸೈಕಲ್ಸ್‌ನಲ್ಲಿ ಪ್ರತಿಫಲನದ ಕಾಸ್ಟಿಕ್, ವಕ್ರೀಭವನದ ಕಾಸ್ಟಿಕ್ ಎಂದು ಎರಡು ಆಯ್ಕೆಗಳಿವೆ. ಚಿತ್ರದ ತುಂಬ ಬಿಳಿ ಚುಕ್ಕೆ ಏಳುತ್ತವೆ, ಸಮಯ ಹಿಡಿಯುತ್ತದೆ ಎಂದು ಎಷ್ಟೋ ಮಂದಿ ಎರಡನ್ನೂ ತೆಗೆದುಬಿಡುತ್ತಾರೆ. ಕಟ್ಟಡಗಳ ಚಿತ್ರ ಮಾಡಿ ಬದುಕುವ ನಾನೂ ತೆಗೆಯುತ್ತೇನೆ. ಗಾಜಿನಲ್ಲಿ ಆಕಾಶ ಚೆನ್ನಾಗಿ ಕಾಣುತ್ತಿದೆಯೇ ಎಂದು ಗಿರಾಕಿಗಳು ನೋಡುತ್ತಾರೆ. ಎದುರಿನ ಬೀದಿಗೆ ಏನು ಬೀಳುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. 2013ರಲ್ಲಿ ಲಂಡನ್ನಿನ 20 ಫೆಂಚರ್ಚ್ ಸ್ಟ್ರೀಟ್ ಗೋಪುರದ ಒಳಬಾಗಿದ ಗಾಜಿನ ಮೈ ಬಿಸಿಲನ್ನು ಬೀದಿಗೆ ಒಟ್ಟುಗೂಡಿಸಿ, ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಕೆಲವು ಭಾಗಗಳನ್ನು ಕರಗಿಸಿತು. ಆಮೇಲೆ ಕಟ್ಟಡಕ್ಕೆ ಬಿಸಿಲುತಡೆ ಕೂರಿಸಬೇಕಾಯಿತು. ಅದೂ ಕಾಸ್ಟಿಕ್ಕೇ, ಲೋಟದ ಬದಲು ಗೋಪುರ ಅಷ್ಟೆ.

ಆ ಸುದ್ದಿ ಓದಿದ ಮೇಲೆ, ಗಾಜಿನ ಮೈ ಎಲ್ಲಿಯಾದರೂ ಒಳಬಾಗಿದ್ದರೆ ಎರಡೂ ಆಯ್ಕೆಗಳನ್ನು ಹಾಕಿ, ರಾತ್ರಿಯಿಡೀ ಯಂತ್ರ ಓಡಲು ಬಿಟ್ಟು, ಬೆಳಗ್ಗೆ ಬೀದಿಯನ್ನು ನೋಡುತ್ತೇನೆ. ಗಿರಾಕಿಗೆ ಕಳಿಸುವುದು ಮಾತ್ರ ಇನ್ನೂ ಚುಕ್ಕೆಯಿಲ್ಲದ ಪ್ರತಿಯನ್ನೇ.