ಹವ್ಯಾಸಿಗಳ ಚೆಸ್ ಆಟವನ್ನು ಓದುವ ಬಗೆ

ಚೆಸ್ ಆಟವನ್ನು ಸವಿಯಲು ಪಕ್ಕದಲ್ಲಿ ಕೂತು ನೋಡಲೇಬೇಕೆಂದಿಲ್ಲ. ನಡೆಗಳನ್ನು ಬರೆದಿಟ್ಟ ಹಾಳೆಯೊಂದಿದ್ದರೆ ಸಾಕು. ಉದ್ದ ಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕಿ. ಎರಡೂ ಸೇರಿ 64 ಮನೆಗಳಿಗೂ ಹೆಸರು.

ಹೊಸಬರಿಗೆ ಹವ್ಯಾಸಿಗಳ ಆಟವೇ ಒಳ್ಳೆಯ ಪಾಠ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ತೇಜ್‌ಕುಮಾರ್ ಅವರಂಥವರ ಆಟದಲ್ಲಿ ತಪ್ಪು ಸಣ್ಣದು, ಅದರ ಫಲ ಕಾಣಿಸುವುದೂ ತಡ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಲಾ ಮಕ್ಕಳು ಆಡುವ ಆಟದಲ್ಲಾದರೆ ತಪ್ಪೂ ಅದರ ದಂಡವೂ ನಾಲ್ಕಾರು ನಡೆಗಳೊಳಗೆ ಕಣ್ಣಿಗೆ ಬೀಳುತ್ತವೆ.

ಮೊದಲ ಹತ್ತು–ಹನ್ನೆರಡು ನಡೆಗಳೇ ಓಪನಿಂಗ್. ಇಲ್ಲಿ ಕೇಳಬೇಕಾದ್ದು ಮೂರೇ ಪ್ರಶ್ನೆ: ನಡುವಿನ ಡಿ4, ಇ4, ಡಿ5, ಇ5 ಮನೆಗಳ ಮೇಲೆ ಯಾರ ಹಿಡಿತ? ಯಾರ ಕಾಯಿಗಳು ಹೆಚ್ಚು ಹೊರಬಂದಿವೆ? ಯಾರ ರಾಜ ಕ್ಯಾಸ್ಲಿಂಗ್ ಮಾಡಿ ಭದ್ರವಾಗಿದ್ದಾನೆ? ಕಾಯಿ ಹೊರಬಂದರಷ್ಟೇ ಸಾಲದು, ಎಲ್ಲಿ ನಿಂತಿದೆ ಎಂಬುದೂ ಮುಖ್ಯ: ಎಫ್3ರ ಕುದುರೆಗೆ 8 ಮನೆಗಳು ಎಟುಕಿದರೆ ಎಚ್3ರ ಕುದುರೆಗೆ ನಾಲ್ಕೇ. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಬಂಧಗಳನ್ನು ರಚಿಸಿದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಈ ಲೆಕ್ಕ ಕರಗತವಾಗಿತ್ತು.

ಎಳೆಯರ ಆಟದಲ್ಲಿ ಮತ್ತೆ ಮತ್ತೆ ಕಾಣುವ ಆರಂಭವೊಂದನ್ನು ನೋಡಬಹುದು. ಎರಡೂ ಕಡೆಯ ರಾಜನ ಮುಂದಿನ ಕಾಲಾಳುಗಳು ಇ4, ಇ5ಕ್ಕೆ ಬರುತ್ತವೆ. ಬಿಳಿಯ ಒಂಟೆ ಸಿ4ಕ್ಕೆ, ಕಪ್ಪಿನ ಕುದುರೆ ಸಿ6ಕ್ಕೆ. ಮೂರನೆಯ ನಡೆಯಲ್ಲಿ ಬಿಳಿಯ ರಾಣಿ ಎಚ್5ಕ್ಕೆ ನುಗ್ಗುತ್ತದೆ. ಗುರಿ ಎಫ್7, ಆ ಮನೆಗೆ ರಾಜನೊಬ್ಬನದೇ ಕಾವಲು. ಕಪ್ಪು ಇದನ್ನು ಗಮನಿಸದೆ ಕುದುರೆಯನ್ನು ಎಫ್6ಕ್ಕೆ ತಂದರೆ ಮರುನಡೆಯಲ್ಲೇ ಚೆಕ್‌ಮೇಟ್. ಆದರೆ ಮೊದಲು ಕಾಲಾಳನ್ನು ಜಿ6ಕ್ಕೆ ತಳ್ಳಿದರೆ ರಾಣಿಯ ದಾರಿ ಮುಚ್ಚುತ್ತದೆ, ರಾಣಿಯೇ ಜಾಗ ಬಿಡಬೇಕಾಗುತ್ತದೆ. ಅದು ಎಫ್3ಕ್ಕೆ ಬಂದು ಮತ್ತೆ ಬೆದರಿಸಿದಾಗ ಕುದುರೆ ಎಫ್6ಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಈಗ ಕಪ್ಪಿನ ಎರಡೂ ಕುದುರೆಗಳು ಹೊರಬಂದಿವೆ. ಬಿಳಿಯ ರಾಣಿ ತನ್ನದೇ ಕುದುರೆಯ ಒಳ್ಳೆಯ ಮನೆಯನ್ನು ಆಕ್ರಮಿಸಿ ಕೂತಿದೆ. ಸಿ6ರ ಕುದುರೆ ಡಿ4ಕ್ಕೆ ಹಾರಿದರೆ ಆ ರಾಣಿ ಇನ್ನೊಮ್ಮೆ ಓಡಬೇಕು. ಒಂದು ಕಾಯಿಯೂ ಹೊಡೆತಕ್ಕೆ ಬಿದ್ದಿಲ್ಲ, ಆದರೂ ಆರಂಭದ ಪಂದ್ಯವನ್ನು ಕಪ್ಪು ಗೆದ್ದಿದೆ.

ಓಪನಿಂಗ್ ದಾಟಿದ ಮೇಲೆ ಆಟ ತಿರುಗಿದ ನಡೆಯನ್ನು ಹುಡುಕಬೇಕು. ಹವ್ಯಾಸಿಗಳಲ್ಲಿ ಮೇಲುಗೈ ಹಲವು ಸಲ ಕೈ ಬದಲಾಯಿಸುವುದುಂಟು. ಪ್ರತಿ ತಿರುವಿನಲ್ಲೂ ಆಟಗಾರ ಏನು ಬಯಸಿದ, ಎದುರಾಳಿಯ ಯಾವ ಉತ್ತರವನ್ನು ಎಣಿಸಲಿಲ್ಲ ಎಂದು ಮೊದಲು ಊಹಿಸಿ, ಆಮೇಲೆ ಕಂಪ್ಯೂಟರಿನ ತೀರ್ಪು ನೋಡುವುದು ಸರಿಯಾದ ಕ್ರಮ. ಯೋಜನೆಯೊಂದನ್ನು ಹಿಡಿದು ಆಡಿದ್ದು, ಕಾಯಿ ಕಳೆದುಕೊಂಡ ಮೇಲೂ ಸೆಣಸಿದ್ದು, ಗೆಲ್ಲುವ ಆಟವನ್ನು ಎಡವದೆ ಮುಗಿಸಿದ್ದು: ಒಳ್ಳೆಯ ಹವ್ಯಾಸಿ ಆಟದಲ್ಲಿ ಮೆಚ್ಚಬೇಕಾದ ಗುಣಗಳು ಇವು.