ನಡುವೆ ಇಳಿಯುವ ಹಕ್ಕು

ನಮ್ಮ ರೈಲ್ವೆಯ ನಿಯಮಗಳಲ್ಲಿ ಪ್ರಯಾಣಿಕರ ಮೇಲಿನ ಅಕ್ಕರೆ ಎದ್ದು ಕಾಣುವುದು ಬ್ರೇಕ್ ಜರ್ನಿಯಲ್ಲಿ. ದೂರದ ಊರಿಗೆ ಟಿಕೆಟ್ ಕೊಂಡವರು ದಾರಿಯಲ್ಲಿ ಇಳಿದು, ಬಂದ ದಿನ, ಹೊರಡುವ ದಿನ ಬಿಟ್ಟು ಎರಡು ದಿನ ಉಳಿದು, ಅದೇ ಟಿಕೆಟ್ಟಿನಲ್ಲಿ ಮುಂದೆ ಹೋಗಬಹುದು. 1000 ಕಿ.ಮೀ.ವರೆಗೆ ಒಂದು ಸಲ, ಅದಕ್ಕೂ ದೂರವಾದರೆ ಎರಡು ಸಲ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ದಾರಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೊರಟವರು ಭೋಪಾಲದಲ್ಲಿ ಇಳಿದು ಸಾಂಚಿಯ ಸ್ತೂಪ, ಆಗ್ರಾದಲ್ಲಿ ಇಳಿದು ತಾಜ್ ಮಹಲ್ ನೋಡಿಕೊಂಡು ಹೋಗಬಹುದು. ದೂರ ಬೆಳೆದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ. ಮೂರು ಬಿಡಿ ಟಿಕೆಟ್ ಕೊಂಡರೆ ಆ ಉಳಿತಾಯ ಹೋಯಿತು.

ಆದರೆ ಮೊದಲ ಸಲ ಇಳಿಯುವ ಮುನ್ನ 500 ಕಿ.ಮೀ. ಸಾಗಿರಬೇಕು ಎಂಬ ಷರತ್ತು ಈ ಔದಾರ್ಯವನ್ನು ನಮ್ಮ ನಾಡಿನೊಳಗೆ ಹೆಚ್ಚುಕಡಿಮೆ ಇಲ್ಲವಾಗಿಸಿದೆ. ಬೆಂಗಳೂರಿನಿಂದ ಬೆಳಗಾವಿ 600 ಕಿ.ಮೀ. ದಾಟುತ್ತದೆ, ಟಿಕೆಟ್ಟಿಗೆ ಅರ್ಹತೆಯಿದೆ. ಆದರೆ ಹುಬ್ಬಳ್ಳಿಯಲ್ಲಿ ಇಳಿದು ಸಿದ್ಧಾರೂಢ ಮಠಕ್ಕೆ ಹೋಗಿಬರುತ್ತೇನೆಂದರೆ ಆಗದು. ಅಲ್ಲಿಗೆ 500 ತುಂಬಿರುವುದಿಲ್ಲ. ದಾವಣಗೆರೆ, ಹಾವೇರಿಗಳ ಮಾತೇ ಬೇಡ. ನೆಂಟರು, ಜಾತ್ರೆ, ಮದುವೆ ಎಂದು ಜನ ನಿಜವಾಗಿ ಇಳಿಯಬಯಸುವ ಊರುಗಳೇ ಹೊರಗುಳಿದವು. ಇದು ಅನ್ಯಾಯ.

ಟಿಕೆಟ್ಟಿನಲ್ಲಿ ಅಚ್ಚಾದ ದಾರಿಯಲ್ಲೇ ಹೋಗಬೇಕೆಂಬ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಮಂಗಳೂರಿಗೆ ಸಕಲೇಶಪುರದ ಘಾಟಿ ಇಳಿದು ಹೋಗುವುದಕ್ಕೂ ಸೇಲಂ, ಶೋರನೂರು ಸುತ್ತಿ ಹೋಗುವುದಕ್ಕೂ ದೂರ ಬೇರೆ, ದರವೂ ಬೇರೆ ಇರಲಿ. ರಾಜಧಾನಿ, ಶತಾಬ್ದಿಗಳಿಗೆ ಬ್ರೇಕ್ ಜರ್ನಿ ಇಲ್ಲವೆಂದರೂ ಒಪ್ಪಬಹುದು.

ಒಪ್ಪಲಾಗದ್ದು ಬಳಕೆಯಲ್ಲಿ ಆಗಿರುವ ಹಿನ್ನಡೆ. ಇಳಿದ ಸ್ಟೇಷನ್ನಿನಲ್ಲಿ ಟಿಕೆಟ್ ತೋರಿಸಿ ಸಹಿ, ದಿನಾಂಕ ಹಾಕಿಸಬೇಕು ಎಂಬ ಪದ್ಧತಿ ಕಾಗದದ ಟಿಕೆಟ್ಟಿನ ಕಾಲದ್ದು. ಮುಂದಿನ ಭಾಗಕ್ಕೂ ಬರ್ತ್ ಬೇಕಾದರೆ ಕಾಯ್ದಿರಿಸುವಾಗಲೇ ಹೇಳಬೇಕು. ಈಗ ಬಹುಪಾಲು ಜನ ಮೊಬೈಲಿನಲ್ಲಿ ಕಾಯ್ದಿರಿಸುತ್ತಾರೆ. ಅಲ್ಲಿ ಎಲ್ಲಿಂದ, ಎಲ್ಲಿಗೆ, ಯಾವ ದಿನ ಎಂದಷ್ಟೇ ಕೇಳುತ್ತಾರೆ. ನಡುವೆ ಇಳಿಯುತ್ತೀರಾ ಎಂಬ ಪ್ರಶ್ನೆಯೇ ಇಲ್ಲ. ಕೇಳದ ಹಕ್ಕು ಯಾರಿಗೆ ಗೊತ್ತಾಗಬೇಕು? ಇದು ನಿಭಾಯಿಸಲಾಗದ ಕೆಲಸವೂ ಅಲ್ಲ. ಹೊರಟ ಊರಿಗೇ ಮರಳುವ ಸರ್ಕ್ಯುಲರ್ ಜರ್ನಿ ಟಿಕೆಟ್ಟಿನಲ್ಲಿ ಎಂಟು ಕಡೆ ಇಳಿಯಲು ಇದೇ ರೈಲ್ವೆ ಅವಕಾಶ ಕೊಟ್ಟಿದೆ. 500ರ ಷರತ್ತನ್ನು 200ಕ್ಕಾದರೂ ಇಳಿಸಲಿ, ಆ ಒಂದು ಪ್ರಶ್ನೆಯನ್ನು ಬುಕಿಂಗ್ ಪರದೆಗೆ ಸೇರಿಸಲಿ.